ಚೌಕಾಬಾರದಿಂದ ಮೊಬೈಲ್ ಗೇಮ್‌ವರೆಗೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳಿಗೆ ಸ್ಫೂರ್ತಿ ಆಗುವಂಥ ನಾಲ್ಕು ಮಾತು ಹೇಳು ಎಂದು ನನ್ನನ್ನು ಕರೆದರು. ವಿಡಿಯೋ ಗೇಮ್ ಬಗ್ಗೆ ಮಾತಾಡಲೇ ಸಾರ್ ಎಂದು ಕೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ, "ಆಡಬೇಡಿ ಅಂತ ತಾನೇ ಹೇಳೋದಪ್ಪ?" ಎಂದರು. ಹಾಗೆ ಹೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಮೂವತ್ತೈದು ದಾಟಿದೆ, ಮಗಳು ಮಲಗಿದ ಮೇಲೆ ಈಗಲೂ ದಿನಕ್ಕೆ ಒಂದು ಗಂಟೆ ಆಡುತ್ತೇನೆ. ಬಿ.ಇ. ಮುಗಿಸಿದ ಮೇಲೆ ಬೆಂಗಳೂರಿನಲ್ಲಿ ಮೊಬೈಲ್ ಗೇಮ್ ಮಾಡುವ ಒಂದು ಕಂಪನಿಯಲ್ಲಿ ಮೂರು ವರ್ಷ ಸರ್ವರ್ ಕಡೆಯ ಕೆಲಸ ಮಾಡಿದೆ. ಈಗ ಬ್ಯಾಂಕುಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಅಂಗಡಿಯ ಮುಂದೆ ನಿಂತ ಗಿರಾಕಿಯಾಗಿಯೂ, ಒಳಗೆ ಪೊಟ್ಟಣ ಕಟ್ಟಿದವನಾಗಿಯೂ ಕಂಡದ್ದನ್ನು ಹೇಳುತ್ತೇನೆ. ಊರಿನಲ್ಲಿ ಇವತ್ತು ಮಕ್ಕಳ ಬಗ್ಗೆ ಎಲ್ಲಿ ಮಾತು ಶುರುವಾದರೂ ಫೋನಿಗೆ ಬಂದು ನಿಲ್ಲುತ್ತದೆ. ಆದರೆ ಆ ಫೋನಿನೊಳಗೆ ಏನು ನಡೆಯುತ್ತದೆ ಎಂದು ಬಿಡಿಸಿ ಹೇಳುವವರು ಕಡಿಮೆ.

ಮೊದಲು ನಮ್ಮ ಜಗಲಿಯಿಂದ ಶುರು ಮಾಡೋಣ. ನಮ್ಮ ಅಜ್ಜಿ ಸುಣ್ಣದ ಕಲ್ಲಿನಲ್ಲಿ ಐದು ಮನೆ ಅಡ್ಡ, ಐದು ಮನೆ ಉದ್ದ ಗೀಚಿ ಚೌಕಾಬಾರ ಆಡಿಸುತ್ತಿದ್ದರು. ಕಟ್ಟೆಮನೆ ಎಂದರೂ ಅದೇ. ಕವಡೆ ಸಿಗದಿದ್ದರೆ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮೈಯನ್ನು ಬೆಳ್ಳಗೆ ಮಾಡಿಕೊಳ್ಳುವುದು. ನಾಲ್ಕೂ ಮೇಲ್ಮುಖವಾಗಿ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಬಿದ್ದವರಿಗೆ ಇನ್ನೊಂದು ಸಲ ಎಸೆಯುವ ಹಕ್ಕು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವ ಹಾಗಿಲ್ಲ. ಈ ಕೊನೆಯ ನಿಯಮವನ್ನು ಸ್ವಲ್ಪ ಯೋಚನೆ ಮಾಡಿ. ಅದು ಇಲ್ಲದಿದ್ದರೆ ಎಲ್ಲರೂ ಕಟ್ಟೆಯಿಂದ ಕಟ್ಟೆಗೆ ಹೆದರಿ ಹೆದರಿ ಸಾಗಿ ಕಾಯಿ ಹಣ್ಣು ಮಾಡಿಕೊಂಡು ಎದ್ದು ಹೋಗುತ್ತಿದ್ದರು. ಜಗಳವೇ ಇರುತ್ತಿರಲಿಲ್ಲ. ಜಗಳವಿಲ್ಲದ ಚೌಕಾಬಾರಕ್ಕೆ ಯಾರು ಕೂರುತ್ತಾರೆ? ಯಾರೋ ಒಬ್ಬ ಪುಣ್ಯಾತ್ಮ, ಅಥವಾ ಪುಣ್ಯಾತ್ಗಿತ್ತಿ, ನೂರಾರು ವರ್ಷದ ಹಿಂದೆ ಇದನ್ನು ಕಂಡುಕೊಂಡು ಆ ನಿಯಮ ಸೇರಿಸಿದರು. ಗೇಮ್ ಡಿಸೈನ್ ಎಂದು ಇವತ್ತು ಕಾಲೇಜಿನಲ್ಲಿ ಲಕ್ಷಗಟ್ಟಲೆ ಫೀಸು ತೆಗೆದುಕೊಂಡು ಕಲಿಸುವುದು ಇದನ್ನೇ.

ಹುಲಿ ಕುರಿ ಆಟ ಅದಕ್ಕಿಂತ ಜಾಣತನದ್ದು. ಒಬ್ಬನ ಬಳಿ ಮೂರೇ ಹುಲಿ, ಇನ್ನೊಬ್ಬನ ಬಳಿ ಹದಿನೈದು ಕುರಿ. ಹುಲಿ ಹಾರಿ ತಿನ್ನುತ್ತದೆ, ಕುರಿಗಳು ಒಟ್ಟಾಗಿ ಹುಲಿಗೆ ದಾರಿ ಕಟ್ಟುತ್ತವೆ. ಎರಡು ಪಕ್ಷಕ್ಕೂ ಬಲ ಬೇರೆ, ಗುರಿ ಬೇರೆ, ಆದರೂ ತಕ್ಕಡಿ ಸಮ. 2016ರಲ್ಲಿ ಕೆನಡಾದ ಒಂದು ಕಂಪನಿ 'ಡೆಡ್ ಬೈ ಡೇಲೈಟ್' ಎಂಬ ಗೇಮ್ ತಂದಿತು. ಒಬ್ಬ ಕೊಲೆಗಾರ, ತಪ್ಪಿಸಿಕೊಳ್ಳುವವರು ನಾಲ್ಕು ಜನ. ಎರಡು ಪಕ್ಷಕ್ಕೆ ಎರಡು ಬಗೆಯ ಆಟ ಎಂದು ಅದನ್ನು ಹೊಗಳಿದರು. ನಾನೂ ಆಡಿದ್ದೇನೆ, ಚೆನ್ನಾಗಿದೆ. ಆದರೆ ಆ ಲೆಕ್ಕಾಚಾರ ನಮ್ಮ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಗೀಚಿದ್ದು ಯಾವ ಕಾಲದಿಂದಲೋ ಇದೆ.

ನಮ್ಮ ಜಿಲ್ಲೆಯ ಹೆಸರಿಗೂ ಆಟಕ್ಕೂ ಒಂದು ನಂಟಿದೆ. ಅರಿಕುಠಾರವಾಗಿದ್ದ ಊರಿಗೆ ತಮ್ಮ ತಂದೆ ಚಾಮರಾಜ ಒಡೆಯರ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅದು ನಮಗೆಲ್ಲ ಗೊತ್ತು. ಅವರು ಆಟಗಳನ್ನು ಕಟ್ಟುವವರೂ ಆಗಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅವರ 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗ ಕೌತುಕನಿಧಿ, ಅದು ಪೂರ್ತಿ ಆಟಗಳದ್ದೇ. ಚದುರಂಗದ ಕುದುರೆಯನ್ನು ಒಂದು ಮನೆಗೆ ಎರಡು ಸಲ ಕಾಲಿಡದ ಹಾಗೆ ಎಲ್ಲ ಮನೆಗಳನ್ನೂ ಸುತ್ತಿಸುವ ಸಮಸ್ಯೆಗಳನ್ನು ಅವರು ಬಿಡಿಸಿದ್ದಾರೆ. ಎಂಜಿನಿಯರಿಂಗ್‌ನಲ್ಲಿ ನಮಗೆ ಅದೇ ಲೆಕ್ಕವನ್ನು ಪ್ರೋಗ್ರಾಮ್ ಬರೆಯಲು ಕೊಟ್ಟಿದ್ದರು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಅವರ ಕಾಲದ ಆಟದ ಹಾಸುಗಳ ಚಿತ್ರ ಇವೆ. ಮೈಸೂರಿಗೆ ಪ್ರವಾಸ ಹೋದಾಗ ಮಕ್ಕಳನ್ನು ಮೃಗಾಲಯ ಒಂದಕ್ಕೇ ಕರೆದುಕೊಂಡು ಹೋಗಿ ಬರಬೇಡಿ ಸಾರ್, ಅಲ್ಲಿಗೂ ಹೋಗಿ.

ಇಷ್ಟು ಹಳೆಯದನ್ನು ಯಾಕೆ ಹೇಳಿದೆ ಎಂದರೆ, ಆಟ ಆಡುವುದು ಕೆಟ್ಟ ಚಾಳಿ ಎಂದು ಶುರು ಮಾಡಿದರೆ ಮುಂದಿನದು ಒಂದೂ ಅರ್ಥವಾಗುವುದಿಲ್ಲ. ಎಡವಟ್ಟು ಬೇರೆ ಕಡೆ ಇದೆ. ಕವಡೆಗೆ ಎಸೆಯುವವರು ಯಾರು ಎಂದು ಗೊತ್ತಿಲ್ಲ. ನನ್ನ ಜೇಬಿನಲ್ಲಿ ಎಷ್ಟಿದೆ, ನಾನು ಸೋತು ಎಷ್ಟು ಹೊತ್ತಾಯಿತು, ನನಗೆ ಬೇಜಾರಾಗಿದೆಯೇ, ಇನ್ನೊಂದು ಆಟ ಸೋತರೆ ಎದ್ದು ಹೋಗುತ್ತೇನೆಯೇ, ಇದು ಯಾವುದೂ ಹುಣಸೆ ಬೀಜಕ್ಕೆ ತಿಳಿಯುವುದಿಲ್ಲ. ಫೋನಿನ ಆಟದಲ್ಲಿ ಬೀಜ ಇರುವುದು ನಿಮ್ಮ ಕೈಯಲ್ಲಲ್ಲ, ಕಂಪನಿಯ ಸರ್ವರ್‌ನಲ್ಲಿ. ಅದಕ್ಕೆ ಇವೆಲ್ಲ ತಿಳಿಯಬಲ್ಲದು. ಇದು ಬರೀ ಊಹೆಯಲ್ಲ. ಆಟದ ಎದುರಾಳಿಗಳನ್ನು ಜೋಡಿಸುವಾಗಲೇ ಆಟಗಾರನಿಗೆ ವಸ್ತು ಕೊಳ್ಳುವ ಆಸೆ ಹುಟ್ಟುವ ಹಾಗೆ ಜೋಡಿಸುವ ಒಂದು ವಿಧಾನಕ್ಕೆ ಅಮೆರಿಕದ ಆಕ್ಟಿವಿಷನ್ ಕಂಪನಿಗೆ 2017ರ ಅಕ್ಟೋಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಯಾವ ಗೇಮ್‌ನಲ್ಲೂ ಬಳಸಿಲ್ಲ ಎಂದು ಕಂಪನಿ ಹೇಳಿತು. ಬಳಸಲಿ ಬಿಡಲಿ, ಹಾಗೊಂದು ಯೋಚನೆ ಪೇಟೆಂಟ್ ಕಚೇರಿಯವರೆಗೆ ಹೋಗಿ ಬಂದಿದೆ.

ನಮ್ಮ ಕಾಲದ ಹುಡುಗರಿಗೆ ಈ ತೊಂದರೆ ಇರಲಿಲ್ಲ. ಕೈಯಲ್ಲಿ ಹಿಡಿಯುವ ಇಟ್ಟಿಗೆ ಜೋಡಿಸುವ ಗೇಮ್ ಇತ್ತಲ್ಲ, ಎರಡು ಸೆಲ್ ಹಾಕಿದರೆ ತಿಂಗಳು ಬರುತ್ತಿತ್ತು. ಟಿ.ವಿ.ಗೆ ಚುಚ್ಚಿ ಆಡುವ ಕ್ಯಾಸೆಟ್ಟಿನಲ್ಲಿ ಮಾರಿಯೋ, ಕಾಂಟ್ರಾ. ಆಮೇಲೆ ನೋಕಿಯಾ ಫೋನಿನ ಹಾವು. ಆ ಹಾವು ಬಂದದ್ದು 1997ರಲ್ಲಿ. ತಾನೇ ತನ್ನ ಬಾಲ ಕಚ್ಚಿ ಸಾಯುತ್ತಿತ್ತು ಹೊರತು ಐದು ರೂಪಾಯಿ ಕೊಟ್ಟರೆ ಬದುಕಿಸುತ್ತೇನೆ ಎಂದು ಒಂದು ಸಲವೂ ಕೇಳಲಿಲ್ಲ. ಕಾಲೇಜಿಗೆ ಹೋದಾಗ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ಕೌಂಟರ್ ಸ್ಟ್ರೈಕ್ ಆಡುತ್ತಿದ್ದೆವು. ದುಡ್ಡು ಮುಗಿದರೆ ಮಾಲೀಕನೇ ಎಬ್ಬಿಸಿ ಕಳಿಸುತ್ತಿದ್ದ. ಅವನು ಎಂಥ ದೊಡ್ಡ ಉಪಕಾರ ಮಾಡುತ್ತಿದ್ದ ಎಂದು ಆಗ ತಿಳಿಯಲಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಡೇಟಾ ನೀರಿನ ಹಾಗಾಯಿತು. ಅದರ ಹಿಂದೆಯೇ ಫ್ರೀ ಫೈರ್, ಪಬ್‌ಜಿ ಬಂದವು. ಎಲ್ಲವೂ ಉಚಿತ. ನಮ್ಮ ಜನಕ್ಕೆ ಉಚಿತ ಎಂದರೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಕಂಪನಿಯಲ್ಲಿದ್ದಾಗ ಬೆಳಿಗ್ಗೆ ಒಳಗೆ ಕಾಲಿಟ್ಟರೆ ಗೋಡೆಯ ಪರದೆಯ ಮೇಲೆ ಮೂರು ಅಂಕಿ ಕಾಣುತ್ತಿದ್ದವು. ಆಟವನ್ನು ಫೋನಿಗೆ ಹಾಕಿಕೊಂಡವರಲ್ಲಿ ಮಾರನೇ ದಿನ ವಾಪಸ್ ಬಂದವರು ನೂರಕ್ಕೆ ಎಷ್ಟು, ಏಳನೇ ದಿನ ಎಷ್ಟು, ಮೂವತ್ತನೇ ದಿನ ಎಷ್ಟು. ಆಟ ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಆ ಮೂರು ಅಂಕಿಗಳೇ. ಆಡುವವರಲ್ಲಿ ಬಹುಪಾಲು ಜನ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಕೊಡುವ ಕೆಲವೇ ಜನರಲ್ಲಿ ಹೆಚ್ಚು ಕೊಡುವವರನ್ನು ಈ ಉದ್ಯಮದವರು ಕರೆಯುವ ಹೆಸರು ತಿಮಿಂಗಿಲ. ತಿಮಿಂಗಿಲಕ್ಕೆ ಗಾಳ ಹಾಕುವುದು ಹೇಗೆ ಎಂಬುದರ ಮೇಲೆ ಸಭೆಗಳು ನಡೆಯುತ್ತವೆ. ಅರ್ಧ ಜನಕ್ಕೆ ಹಸಿರು ಗುಂಡಿ, ಅರ್ಧ ಜನಕ್ಕೆ ಕಿತ್ತಳೆ ಗುಂಡಿ ತೋರಿಸಿ, ಯಾವುದನ್ನು ಜಾಸ್ತಿ ಒತ್ತಿದರು ಎಂದು ನೋಡಿ, ಮಾರನೇ ದಿನ ಎಲ್ಲರಿಗೂ ಅದೇ ಗುಂಡಿ. ನನ್ನ ಜೊತೆ ಕೆಲಸ ಮಾಡಿದವರು ದುಷ್ಟರಲ್ಲ, ಹೆಚ್ಚಿನವರು ಆಟದ ಪ್ರೀತಿಗೆ ಬಂದವರು. ಒಳ್ಳೆಯ ಆಟ ಮಾಡಬೇಕು ಎಂದು ಬಂದವರನ್ನು ಅಂಕಿಯ ಮುಂದೆ ಕೂರಿಸಿದರೆ ಅಂಕಿಯೇ ಆಟವಾಗುತ್ತದೆ.

ನಮ್ಮ ಆಷಾಢದ ತೇರಿನಲ್ಲಿ ರಿಂಗ್ ಎಸೆಯುವ ಅಂಗಡಿ ನೋಡಿದ್ದೀರಿ. ಸೋಪಿನ ಡಬ್ಬಿಗೆ ರಿಂಗ್ ಸಲೀಸಾಗಿ ಬೀಳುತ್ತದೆ, ಗಡಿಯಾರಕ್ಕೆ ಬೀಳುವುದೇ ಇಲ್ಲ. ಮೋಸ ಎಂದು ಗೊತ್ತಿದ್ದೇ ಹತ್ತು ರೂಪಾಯಿ ಕಳೆದು ನಗುತ್ತಾ ಬರುತ್ತೇವೆ. ಫೋನಿನೊಳಗಿನ 'ಲೂಟ್ ಬಾಕ್ಸ್' ಅದೇ ಅಂಗಡಿ. ದುಡ್ಡು ಕೊಟ್ಟು ಪೆಟ್ಟಿಗೆ ಕೊಳ್ಳುವುದು, ಒಳಗೆ ಏನಿದೆ ಎಂದು ತೆರೆದ ಮೇಲೇ ಗೊತ್ತಾಗುವುದು. ತೇರಿನ ಅಂಗಡಿಯವನಿಗೆ ಆಗದ ಕೆಲವು ಕೆಲಸ ಇದಕ್ಕೆ ಆಗುತ್ತದೆ. ಅವನು ನಿಮ್ಮ ಹಿಂದೆ ಮನೆಗೆ ಬರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಕಿಟಕಿ ತಟ್ಟಿ ಇವತ್ತಿನ ಉಡುಗೊರೆ ತೆಗೆದುಕೊಂಡಿಲ್ಲವಲ್ಲ ಎನ್ನುವುದಿಲ್ಲ. ಸತತ ಇಪ್ಪತ್ತು ದಿನ ಬಂದಿದ್ದೀರಿ, ನಾಳೆ ತಪ್ಪಿಸಿದರೆ ಅಷ್ಟೂ ಹೋಯಿತು ಎಂದು ಹೆದರಿಸುವುದಿಲ್ಲ. ನಿಮ್ಮ ಹತ್ತು ರೂಪಾಯಿಯನ್ನು ಮೊದಲು ವಜ್ರ ಮಾಡಿ, ವಜ್ರವನ್ನು ನಾಣ್ಯ ಮಾಡಿ, ಕೊನೆಗೆ ಎಷ್ಟು ಖರ್ಚಾಯಿತು ಎಂಬ ಲೆಕ್ಕವೇ ಸಿಗದ ಹಾಗೆ ಮಾಡುವುದಿಲ್ಲ. ಆ ವಜ್ರ ಯಾಕೆ ಎಂದು ಮಕ್ಕಳು ಕೇಳಬಹುದು. ನೂರು ರೂಪಾಯಿ ಹೋಯಿತು ಎಂದರೆ ಹೊಟ್ಟೆ ಉರಿಯುತ್ತದೆ. ಎಂಬತ್ತು ವಜ್ರ ಹೋಯಿತು ಎಂದರೆ ಉರಿಯುವುದಿಲ್ಲ. ಅದಕ್ಕೇ.

ಕ್ಯಾಂಡಿ ಕ್ರಶ್ ಈ ಸಭೆಯಲ್ಲಿರುವ ತಾಯಂದಿರಿಗೂ ಗೊತ್ತು. ನಗಬೇಡಿ, ನಮ್ಮ ಅಕ್ಕ ಎಲ್ಲರಿಗಿಂತ ಮುಂದಿದ್ದಾಳೆ. 2012ರಲ್ಲಿ ಬಂದ ಆ ಆಟದಲ್ಲಿ ಐದು ಜೀವ. ಕಳೆದುಕೊಂಡರೆ ಒಂದು ಜೀವ ತುಂಬಲು ಅರ್ಧ ಗಂಟೆ ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು. ಕಾಯುವಿಕೆಯನ್ನೇ ಮಾರುವ ವ್ಯಾಪಾರ ಇದು. ಆ ಕಂಪನಿಯನ್ನು 2016ರಲ್ಲಿ 590 ಕೋಟಿ ಡಾಲರ್ ಕೊಟ್ಟು ಕೊಂಡರು. ಇದಕ್ಕೆ ಎದುರಾಗಿ ವಿಯೆಟ್ನಾಮಿನ ಡಾಂಗ್ ಗುಯೆನ್ ಎಂಬ ಹುಡುಗನನ್ನು ನೆನೆಯಬೇಕು. ಪೈಪುಗಳ ನಡುವೆ ಹಕ್ಕಿ ಹಾರಿಸುವ ಅವನ 'ಫ್ಲಾಪಿ ಬರ್ಡ್' ಆಟಕ್ಕೆ ಜಗತ್ತೇ ಮುಗಿಬಿದ್ದಿತ್ತು. 2014ರ ಫೆಬ್ರವರಿಯಲ್ಲಿ, ಜನಕ್ಕೆ ಇದು ಗೀಳಾಗಿಬಿಟ್ಟಿದೆ ಎಂದು ತನ್ನ ಆಟವನ್ನು ತಾನೇ ಅಂಗಡಿಯಿಂದ ತೆಗೆದ. ಬರುತ್ತಿದ್ದ ದುಡ್ಡಿಗೆ ಬೆನ್ನು ತಿರುಗಿಸಿದವರು ಈ ಉದ್ಯಮದಲ್ಲಿ ಬೆರಳೆಣಿಕೆಯಷ್ಟು.

ಇನ್ನು ನಮಗೆ ಹತ್ತಿರದ ವಿಷಯ, ಬೇಸಾಯದ ಆಟಗಳು. 2009ರಲ್ಲಿ ಫೇಸ್‌ಬುಕ್‌ನಲ್ಲಿ ಫಾರ್ಮ್‌ವಿಲ್ ಬಂತು. ಬಿತ್ತಿದ ಮೇಲೆ ಹೇಳಿದ ಹೊತ್ತಿಗೆ ಬಂದು ಕೊಯ್ಯದಿದ್ದರೆ ಬೆಳೆ ಒಣಗಿ ಹೋಗುತ್ತಿತ್ತು. ಕಚೇರಿಯ ಸಭೆಯಲ್ಲಿ ಕೂತವರು ಸುಳ್ಳು ಟೊಮೆಟೊ ಕೊಯ್ಯಲು ಎದ್ದು ಹೋಗುತ್ತಿದ್ದ ಕಾಲ ಅದು. ಏಳು ವರ್ಷದ ಮೇಲೆ, 2016ರಲ್ಲಿ, ಅಮೆರಿಕದ ಎರಿಕ್ ಬರೋನ್ ಎಂಬುವನು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕೂತು, ಚಿತ್ರ, ಸಂಗೀತ, ಕಥೆ, ಪ್ರೋಗ್ರಾಮ್ ಎಲ್ಲವನ್ನೂ ತಾನೇ ಮಾಡಿ 'ಸ್ಟಾರ್‌ಡ್ಯೂ ವ್ಯಾಲಿ' ತಂದ. ಅದೂ ಬೇಸಾಯದ ಆಟವೇ. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ಆರು ತಿಂಗಳು ಬಿಟ್ಟು ಬಂದರೂ ನಿಮ್ಮ ಹೊಲ ನೀವು ಬಿಟ್ಟಂತೆಯೇ ಇರುತ್ತದೆ. ಆಮೇಲೆ ಸೇರಿಸಿದ ಹೊಸ ಭಾಗಗಳಿಗೂ ದುಡ್ಡು ಕೇಳಲಿಲ್ಲ. ಎರಡರಲ್ಲೂ ಉಳುವುದು ಬಿತ್ತುವುದೇ. ಒಂದು ನಿಮ್ಮನ್ನು ಆಳು ಮಾಡಿಕೊಳ್ಳುತ್ತದೆ, ಇನ್ನೊಂದು ಒಡೆಯನನ್ನಾಗಿ ಮಾಡುತ್ತದೆ.

ಒಂದು ಸಂಕ್ರಾಂತಿಗೆ ಬಂದಾಗ ನಾನು ಲ್ಯಾಪ್‌ಟಾಪಿನಲ್ಲಿ ಇದನ್ನು ಆಡುತ್ತಿದ್ದೆ. ನಮ್ಮಪ್ಪ ಹಿಂದೆ ಬಂದು ನಿಂತು ಸ್ವಲ್ಪ ಹೊತ್ತು ನೋಡಿದರು. "ಇಲ್ಲಿ ಗೊಬ್ಬರದ ರೇಟು ಎಷ್ಟಾ?" ಎಂದರು. ಗೊಬ್ಬರ ನಾವೇ ಮಾಡಿಕೊಳ್ಳಬಹುದು ಎಂದೆ. "ಬೋರು ಬತ್ತೋಗಲ್ವಾ?" ಇಲ್ಲ. "ಹಂದಿ ಕಾಟ?" ಇಲ್ಲ, ಕಾಗೆ ಇದೆ, ಬೆದರುಬೊಂಬೆ ಇಟ್ಟರೆ ಸಾಕು. "ಬೆಳೆದುದ್ದ ಯಾರ್ ತಕಂಡರು?" ಪೆಟ್ಟಿಗೆಗೆ ಹಾಕಿದರೆ ರಾತ್ರಿ ಬಂದು ಒಯ್ಯುತ್ತಾರೆ, ಬೆಲೆ ಯಾವತ್ತೂ ಇಳಿಯುವುದಿಲ್ಲ. ಅಪ್ಪ ಏನೂ ಮಾತಾಡಲಿಲ್ಲ. ಆ ವರ್ಷ ಅರಿಶಿನದ ಬೆಲೆ ನೆಲ ಕಚ್ಚಿತ್ತು. ಹೋಗುವಾಗ, "ಈ ಆಟ ಮಾಡ್ದೋನ್ನ ಒಂದ್ಸಲ ಎ.ಪಿ.ಎಂ.ಸಿ.ಗೆ ಕರ್ಕಬಾ" ಎಂದರು. ನಾನು ಓದಿದ ಗೇಮ್ ವಿಮರ್ಶೆಗಳಲ್ಲಿ ಅದಕ್ಕಿಂತ ಚೊಕ್ಕದ್ದು ಇಲ್ಲ. ಬೇಸಾಯದ ಆಟ ಮಾಡುವವರು ಬೆವರು, ಬಿತ್ತನೆ, ಸುಗ್ಗಿ ತೆಗೆದುಕೊಂಡಿದ್ದಾರೆ, ಮಾರುಕಟ್ಟೆಯನ್ನು ಬಿಟ್ಟುಬಿಟ್ಟಿದ್ದಾರೆ. ಬೆಲೆ ಕುಸಿಯುವ, ಮಳೆ ಕೈಕೊಡುವ, ಸಂಘದ ಸಾಲದ ಕಂತು ಬರುವ ಒಂದು ಬೇಸಾಯದ ಆಟವನ್ನು ನಮ್ಮ ಸೀಮೆಯ ಹುಡುಗರೇ ಮಾಡಬೇಕು. ಪೇಟೆಯ ಮಕ್ಕಳು ಆಡಿ ಸೋಲಲಿ.

ಈಗ ನಗುವ ವಿಷಯವಲ್ಲದ್ದು. ಲಾಕ್‌ಡೌನ್ ಕಾಲದಲ್ಲಿ ಒಂದು ರಾತ್ರಿ ನನಗೆ ಫೋನ್ ಬಂತು. ನನಗಿಂತ ಚಿಕ್ಕವನು, ನಮ್ಮ ಸೀಮೆಯವನೇ, ಹೆಸರು ಬೇಡ. "ಅಣ್ಣಾ, ನೀನು ಸಾಫ್ಟ್‌ವೇರಲ್ವಾ, ಆ ರಮ್ಮಿ ಆ್ಯಪ್ನೋರತ್ರ ಮಾತಾಡಿ ದುಡ್ಡ ವಾಪಸ್ ಕೊಡ್ಸಕಾಯ್ತದಾ?" ಎಂದ. ಮೊದಲು ಐವತ್ತು ರೂಪಾಯಿ ಅವರೇ ಕೊಟ್ಟಿದ್ದರಂತೆ, ಆಡು ಎಂದು. ಮೊದಲ ವಾರ ಗೆದ್ದನಂತೆ. ಫೋನ್ ಮಾಡುವ ಹೊತ್ತಿಗೆ ಫ್ಯಾಕ್ಟರಿಯ ಐದು ತಿಂಗಳ ಸಂಬಳ ಹೋಗಿತ್ತು, ಹೆಂಡತಿಯ ಓಲೆ ಅಡವಿಗೆ ಹೋಗಿತ್ತು, ಮನೆಯಲ್ಲಿ ಗೊತ್ತಿರಲಿಲ್ಲ. ವಾಪಸ್ ಬರುವುದಿಲ್ಲ ಕಣಪ್ಪ ಎಂದು ಹೇಳುವುದು ಬಿಟ್ಟು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮೊದಲು ಮನೆಯಲ್ಲಿ ಹೇಳು, ಇವತ್ತು ರಾತ್ರಿಯೇ ಹೇಳು ಎಂದೆ. ಹೇಳಿದ. ಓಲೆ ಬಿಡಿಸಲು ಎರಡು ವರ್ಷ ಹಿಡಿಯಿತು. ಇಂಥ ಮನೆಗಳು ಪ್ರತಿ ಊರಿನಲ್ಲೂ ಇವೆ, ಈ ಸಭೆಯಲ್ಲಿ ಕೂತವರಿಗೂ ಗೊತ್ತು.

ಹಬ್ಬದಲ್ಲಿ ಮರದಡಿ ಅಂದರ್ ಬಾಹರ್ ಆಡುವವರನ್ನು ಪೊಲೀಸರು ಅಟ್ಟಿಸಿಕೊಂಡು ಹೋಗುತ್ತಾರೆ. ಅದೇ ಜೂಜು ಫೋನಿನಲ್ಲಿ ಸಿನಿಮಾ ನಟರ, ಕ್ರಿಕೆಟ್ ಆಟಗಾರರ ಜಾಹೀರಾತಿನೊಂದಿಗೆ ಬಂತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ಕಂಬಕ್ಕೆ ಕಟ್ಟುವಂತಿಲ್ಲ ಎಂದು ಹೈಕೋರ್ಟ್ 2022ರ ಫೆಬ್ರವರಿ 14ರಂದು ಆ ನಿಷೇಧವನ್ನು ರದ್ದು ಮಾಡಿತು. ರಮ್ಮಿಯಲ್ಲಿ ಕೌಶಲ ಇದೆ ಎಂಬುದು ನಿಜ, ನಾನು ಒಪ್ಪುತ್ತೇನೆ. ಆದರೆ ರಾತ್ರಿ ಎರಡು ಗಂಟೆಗೆ, ಮೂರು ಸಾವಿರ ಸೋತು, ಅದನ್ನು ಹೊರಳಿಸಿ ತರಬೇಕೆಂದು ಆಡುವವನಲ್ಲಿ ಯಾವ ಕೌಶಲ ಉಳಿದಿರುತ್ತದೆ? ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೂ ಶಿಕ್ಷೆ ಇದೆ. ಆಡಿದವನಿಗೆ ಶಿಕ್ಷೆ ಇಲ್ಲ, ಅದು ಸರಿಯೇ, ಅವನಿಗೆ ಆಗಬೇಕಾದ ಶಿಕ್ಷೆ ಆಗಲೇ ಆಗಿರುತ್ತದೆ. ದೊಡ್ಡ ಕಂಪನಿಗಳು ದುಡ್ಡಿನ ಆಟ ನಿಲ್ಲಿಸಿದವು, ಭಾರತ ತಂಡದ ಅಂಗಿಯ ಮೇಲಿದ್ದ ಡ್ರೀಮ್11 ಹೆಸರು ಹೋಯಿತು, ಕೆಲವರು ಕೋರ್ಟಿಗೆ ಹೋದರು. ಕೆಲಸ ಕಳೆದುಕೊಂಡ ನನ್ನ ಗೆಳೆಯರೂ ಇದ್ದಾರೆ, ಅವರ ಬಗ್ಗೆ ಸಂಕಟವಿದೆ. ಆದರೂ ಈ ಕಾಯ್ದೆ ಬಂದದ್ದು ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ. ಹೊರದೇಶದಿಂದ ಕದ್ದುಮುಚ್ಚಿ ಬರುವ ಬೆಟ್ಟಿಂಗ್ ಆ್ಯಪ್‌ಗಳು ವಾಟ್ಸ್‌ಆ್ಯಪ್ ಲಿಂಕಿನಲ್ಲಿ ಈಗಲೂ ಬರಬಹುದು, ಆ ಬಗ್ಗೆ ಎಚ್ಚರ ಇರಲಿ.

ಕಾಯ್ದೆ ಮುಟ್ಟದ ಜಾಗವೊಂದು ಉಳಿದಿದೆ. ಹಣ ಗೆಲ್ಲುವ ಆಸೆ ಇಲ್ಲದ, ಬರೀ ಬಂದೂಕಿನ ಬಣ್ಣ, ಅಂಗಿಯ ಬಣ್ಣ ಮಾರುವ ಆಟಗಳಿಗೆ ಇದು ಅನ್ವಯಿಸುವುದಿಲ್ಲ. ಲೂಟ್ ಬಾಕ್ಸ್ ಜೂಜೇ ಎಂದು ಬೆಲ್ಜಿಯಂ ದೇಶ 2018ರಲ್ಲೇ ಹೇಳಿತು. ಫೋರ್ಟ್‌ನೈಟ್ ಆಟದಲ್ಲಿ ಮಕ್ಕಳ ಮಾಹಿತಿ ಸಂಗ್ರಹಿಸಿದ್ದಕ್ಕೆ, ಗುಂಡಿಗಳನ್ನು ಗೊಂದಲವಾಗುವ ಹಾಗೆ ಇಟ್ಟು ಬೇಡದ ಖರೀದಿ ಮಾಡಿಸಿದ್ದಕ್ಕೆ 2022ರಲ್ಲಿ ಅಮೆರಿಕ ಸರ್ಕಾರದ ಎಫ್‌ಟಿಸಿ, ಎಪಿಕ್ ಗೇಮ್ಸ್ ಕಂಪನಿಯಿಂದ 52 ಕೋಟಿ ಡಾಲರ್ ಕಕ್ಕಿಸಿತು. ಚೀನಾ ಇನ್ನೊಂದು ತುದಿಗೆ ಹೋಗಿ, ಹದಿನೆಂಟರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾ ದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತು ಗಂಟೆವರೆಗೆ ಮಾತ್ರ ಎಂದು 2021ರಲ್ಲಿ ಕಟ್ಟಪ್ಪಣೆ ಮಾಡಿತು. ನಮ್ಮಲ್ಲಿ 2020ರಲ್ಲಿ ಪಬ್‌ಜಿ ನಿಷೇಧಿಸಿದ್ದು ಮಕ್ಕಳ ಕಾರಣಕ್ಕಲ್ಲ, ದೇಶದ ಭದ್ರತೆಯ ಕಾರಣಕ್ಕೆ. ಮಾರನೇ ವರ್ಷ ಬೇರೆ ಹೆಸರಿನಲ್ಲಿ ಅದೇ ಆಟ ಬಂತು. ಹುಡುಗರಿಗೆ ಒಂದು ಬೇಸಿಗೆ ಬೇಜಾರಾಯಿತು, ಅಷ್ಟೇ.

ದುಡ್ಡು ಕೊಟ್ಟು ಕೊಂಡ ಆಟವೂ ನಮ್ಮದಾಗಿ ಉಳಿಯುವುದಿಲ್ಲ ಎಂಬುದು ಈಚಿನ ಇನ್ನೊಂದು ಚಾಳಿ. ಯೂಬಿಸಾಫ್ಟ್ ಕಂಪನಿಯ 'ದಿ ಕ್ರೂ' ಎಂಬ ಕಾರು ಓಡಿಸುವ ಆಟ 2014ರದ್ದು. 2024ರ ಮಾರ್ಚ್ ಕೊನೆಗೆ ಅದರ ಸರ್ವರ್ ನಿಲ್ಲಿಸಿದರು. ಒಬ್ಬರೇ ಕೂತು ಆಡುವವರಿಗೂ ಆಟ ತೆರೆಯದ ಹಾಗಾಯಿತು. ಇದರ ಮೇಲೆ ಯುರೋಪಿನಲ್ಲಿ ದೊಡ್ಡ ಚಳವಳಿಯೇ ನಡೆಯಿತು, ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನಮ್ಮ ಅಜ್ಜಿಯ ಅಳಗುಳಿ ಮಣೆ ಅಟ್ಟದ ಮೇಲಿದೆ. ಹದಿನಾಲ್ಕು ಗುಳಿಯಲ್ಲಿ ಒಂದು ಸ್ವಲ್ಪ ಬಿರುಕು ಬಿಟ್ಟಿದೆ. ಹೋದ ದೀಪಾವಳಿಗೆ ಮಗಳು ಅದನ್ನು ಇಳಿಸಿಕೊಂಡು ಆಡಿದಳು, ಯಾವ ಸರ್ವರನ್ನೂ ಕೇಳಲಿಲ್ಲ.

ಈ ಉದ್ಯಮದಲ್ಲಿ ನಮ್ಮ ಮಕ್ಕಳಿಗೆ ಕೆಲಸ ಇದೆಯೇ ಎಂದು ಪೋಷಕರು ಕೇಳುತ್ತಾರೆ. ಇದೆ. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಕಟ್ಟಿದ್ದು 1997ರಲ್ಲಿ, ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಹೊರದೇಶದ ದೊಡ್ಡ ದೊಡ್ಡ ಆಟಗಳ ಕಾರು, ಕಟ್ಟಡ, ಮರಗಳನ್ನು ಅಲ್ಲಿ ನಮ್ಮವರು ಬಿಡಿಸಿದ್ದಾರೆ. 2019ರಲ್ಲಿ ಅದನ್ನು ಜಿ.ಟಿ.ಎ. ಮಾಡುವ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆ ಕರ್ನಾಟಕ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿ ಮಾಡಿತು, 2024ರಲ್ಲಿ ಅದನ್ನು ಹೊಸದು ಮಾಡಿತು. ಆದರೆ ಬಣ್ಣದ ಲೋಕ ಎಂದು ಮೋಸ ಹೋಗಬೇಡಿ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮಿಂಗ್ ವಿಭಾಗದಲ್ಲಿ ಒಂದೇ ಸಲ 1,900 ಜನರನ್ನು ಮನೆಗೆ ಕಳಿಸಿತು. ಗಣಿತವೋ ಚಿತ್ರಕಲೆಯೋ ಗಟ್ಟಿಯಾಗಿ ಒಂದನ್ನು ಕಲಿತವರು ಬೇರೆ ಕಡೆಗೂ ಹೋಗಬಲ್ಲರು. ಗೇಮಿಂಗ್ ಮಾತ್ರ ಗೊತ್ತು ಎನ್ನುವವರಿಗೆ ಕಷ್ಟ.

ನನಗೆ ಹೊಟ್ಟೆಕಿಚ್ಚು ಇರುವುದು ಬೇರೆಯದರ ಮೇಲೆ. 2020ರಲ್ಲಿ ಪುಣೆಯ ಒಂದು ಸಣ್ಣ ತಂಡ 'ರಾಜಿ' ಎಂಬ ಆಟ ಮಾಡಿತು. ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ, ನಮ್ಮ ಪುರಾಣದ ಲೋಕ. ಜಗತ್ತಿನ ಜನ ಆಡಿದರು. ನಮ್ಮ ಬಳಿ ಏನು ಕಡಿಮೆ ಇದೆ? ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಾದಪ್ಪನ ಕಥೆಯಲ್ಲಿ ಶ್ರವಣ ದೊರೆ ಇದ್ದಾನೆ, ಬೇವಿನಹಟ್ಟಿ ಕಾಳಮ್ಮ ಇದ್ದಾಳೆ, ಸಂಕಮ್ಮ ಇದ್ದಾಳೆ, ಏಳೂ ಮಲೆ ಇದೆ. ದೇವರನ್ನು ಆಟದ ಗೊಂಬೆ ಮಾಡಿ ಎಂದು ಹೇಳುತ್ತಿಲ್ಲ, ಹಿರಿಯರು ತಪ್ಪು ತಿಳಿಯಬಾರದು. ಆದರೆ ಆ ಬೆಟ್ಟದ ದಾರಿ, ಆ ಸೋಲಿಗರ ಹಾಡಿ, ಜೇನು ಕೀಳುವುದು, ಆನೆಗೆ ದಾರಿ ಬಿಡುವುದು, ನಮ್ಮ ಭಾಷೆಯ ಆ ಸೊಲ್ಲು, ಇವು ಯಾವ ಆಟದಲ್ಲೂ ನಾನು ಕಂಡಿಲ್ಲ. ಫೋನಿನಲ್ಲಿ ನಮ್ಮ ಹುಡುಗರು ಓಡಾಡುವುದೆಲ್ಲ ಯಾರದೋ ದ್ವೀಪದಲ್ಲಿ, ಯಾರದೋ ಭಾಷೆಯಲ್ಲಿ.

ಅಪ್ಪ ಅಮ್ಮಂದಿರಿಗೆ ಎರಡು ಮಾತು. ಫೋನ್ ಕಿತ್ತು ಬಿಸಾಡುವ ಮೊದಲು ಒಂದು ಸಲ ಮಗನ ಪಕ್ಕ ಕೂತು, ಇದು ಹೇಗೆ ಆಡುವುದು ತೋರಿಸು ಎನ್ನಿ. ಆಟಕ್ಕೆ ಮುಗಿತಾಯ ಇದೆಯೇ ಎಂದು ನೋಡಿ. ಹತ್ತು ನಿಮಿಷಕ್ಕೆ ಒಂದು ಪಂದ್ಯ ಮುಗಿಯುವ ಆಟಕ್ಕೂ ಕೊನೆಯೇ ಇಲ್ಲದ ಆಟಕ್ಕೂ ವ್ಯತ್ಯಾಸ ಇದೆ. ದುಡ್ಡು ಎಲ್ಲಿ ಕೇಳುತ್ತದೆ ಎಂದು ನೋಡಿ. ನಿಮ್ಮ ಯು.ಪಿ.ಐ. ಪಿನ್ ಮಕ್ಕಳಿಗೆ ಹೇಳಬೇಡಿ, ಎಷ್ಟೇ ಜಾಣ ಮಗ ಆದರೂ. ಪಂದ್ಯದ ನಡುವೆ ಎದ್ದು ಬಾ ಎಂದರೆ ಅವನ ಜೊತೆ ಆಡುತ್ತಿರುವ ಮೂವರಿಗೆ ಅವನು ಕೈಕೊಟ್ಟ ಹಾಗಾಗುತ್ತದೆ, ಕೋಪ ಬರುವುದು ಅದಕ್ಕೆ. ಈ ಪಂದ್ಯ ಮುಗಿದ ಮೇಲೆ ಬಾ ಎನ್ನಿ, ಮುಗಿದ ಮೇಲೂ ಬರದಿದ್ದರೆ ಆಗ ಬೈಯಿರಿ. ಊಟ, ನಿದ್ದೆ, ಶಾಲೆ ಎಲ್ಲ ಬಿಟ್ಟು ತಿಂಗಳುಗಟ್ಟಲೆ ಅದರಲ್ಲೇ ಮುಳುಗಿದ್ದರೆ ಅದು ಹಠವಲ್ಲ, ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪಟ್ಟಿಗೆ ಅದನ್ನು ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಎಂಬ ಕ್ಲಿನಿಕ್ ಇದೆ. ಮಂತ್ರ ಹಾಕಿಸುವ, ತಾಯತ ಕಟ್ಟಿಸುವ ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ.

ಮಾತು ಉದ್ದವಾಯಿತು, ಅಡುಗೆ ಮನೆ ಕಡೆಯಿಂದ ಒಗ್ಗರಣೆ ವಾಸನೆಯೂ ಬರುತ್ತಿದೆ. ಒಂದು ವಿಷಯ ಹೇಳಿ ಕೂರುತ್ತೇನೆ. ನಮ್ಮ ಬ್ಯಾಚಿನ ಆರು ಜನ ಸೇರಿ ಶಾಲೆಯ ಕಂಪ್ಯೂಟರ್ ಕೊಠಡಿಗೆ ನಾಲ್ಕು ಕಂಪ್ಯೂಟರ್ ತಂದಿಟ್ಟಿದ್ದೇವೆ. ಹೊಸವಲ್ಲ, ರಿಪೇರಿ ಮಾಡಿಸಿದವು, ಕೆಲಸಕ್ಕೆ ಬರುತ್ತವೆ. ಅವುಗಳಲ್ಲಿ ಸ್ಕ್ರಾಚ್, ಗೋಡೋ ಎಂಬ ಎರಡು ತಂತ್ರಾಂಶ ಹಾಕಿದ್ದೇವೆ. ಎರಡೂ ನಿಜವಾಗಿಯೂ ಉಚಿತ, ನಾನೇ ನೋಡಿದ್ದೇನೆ. ಮುಖ್ಯ ಶಿಕ್ಷಕರು ಒಪ್ಪಿದ್ದಾರೆ, ತಿಂಗಳಿಗೆ ಎರಡು ಭಾನುವಾರ ನಾವು ಸರದಿಯ ಮೇಲೆ ಬೆಂಗಳೂರಿನಿಂದ ಬರುತ್ತೇವೆ. ಎಂಟನೇ, ಒಂಬತ್ತನೇ ತರಗತಿಯವರು ಬರಬಹುದು. ಹೆಣ್ಣುಮಕ್ಕಳು ಖಂಡಿತ ಬರಬೇಕು, ಮನೆಯವರು ಕಳಿಸಬೇಕು. ಮೊದಲ ಎರಡು ವಾರ ಕಂಪ್ಯೂಟರ್ ಹಚ್ಚುವುದಿಲ್ಲ. ನೆಲದ ಮೇಲೆ ಹುಲಿ ಕುರಿ ಆಟ ಬರೆದು, ಹುಲಿಯನ್ನು ನಾಲ್ಕು ಮಾಡಿದರೆ ಏನಾಗುತ್ತದೆ, ಕುರಿಯನ್ನು ಹನ್ನೆರಡು ಮಾಡಿದರೆ ಯಾರು ಗೆಲ್ಲುತ್ತಾರೆ ಎಂದು ಆಡಿ ನೋಡಿ ಬರೆದಿಡುವುದು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಶುರು. ಒಂದು ನೋಟ್‌ಬುಕ್ಕು, ಒಂದು ಹಿಡಿ ಹುಣಸೆ ಬೀಜ ತನ್ನಿ. ಫೋನ್ ಮನೆಯಲ್ಲೇ ಇರಲಿ.